ಅರ್ಧ ಮಿಲಿಮೀಟರ್

ನಮ್ಮ ಕಚೇರಿಯಲ್ಲಿ ಅವರ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವರು ಭೂತಗನ್ನಡಿ ಮೇಡಂ. ಹೆಸರಿಟ್ಟವನು ಯಾವುದೋ ಬಿಸ್ಕತ್ತು ಕಂಪನಿಯ ಪ್ರತಿನಿಧಿ. ಮೂರನೇ ಸಲ ಲೇಬಲ್ ವಾಪಸ್ ಹೊತ್ತುಕೊಂಡು ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಗೊಣಗಿದ್ದನಂತೆ: “ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದೀನಿ. ಈ ಭೂತಗನ್ನಡಿ ಹಾಲಲ್ಲೇ ಹುಡುಕುತ್ತೆ.” ಮಾತು ಮೇಡಂ ಕಿವಿಗೂ ಬಿತ್ತು. ಅವರಿಗೆ ಬೇಜಾರಾಗಲಿಲ್ಲ. “ಸಿಕ್ಕಿದ್ರೆ ತಾನೇ ಹುಡುಕೋದು?” ಅಂದು ಮುಂದಿನ ಫೈಲು ಎಳೆದುಕೊಂಡರು.

ನಾನು ಅದೇ ಕೋಣೆಯ ಟೈಪಿಸ್ಟು. ಆಹಾರ ಪರಿಶೀಲನಾ ಕಚೇರಿಯ ಲೇಬಲ್ ವಿಭಾಗ ಅಂದರೆ ಎರಡನೇ ಮಹಡಿಯ ಆ ಒಂದೇ ಕೋಣೆ. ಮೂರು ಗೋಡೆಗೆ ಕಬ್ಬಿಣದ ಕಪಾಟು, ಅದರ ತುಂಬ ಮಾದರಿ ಡಬ್ಬಿ, ಪೊಟ್ಟಣ, ಬಾಟಲಿ. ಇರುವೆಗಳಿಗೆ ನಮ್ಮ ಕಚೇರಿಯಷ್ಟು ಒಳ್ಳೆಯ ಉದ್ಯೋಗ ಬೇರೆಲ್ಲೂ ಇರಲಿಲ್ಲ. ನಾಲ್ಕನೇ ಗೋಡೆಯ ಕಿಟಕಿ ಪಕ್ಕ ಮೇಡಂ ಮೇಜು. ಅದರ ಮೇಲೆ ಹಿಡಿ ಸವೆದ ಭೂತಗನ್ನಡಿ, ಒಂದು ಉಕ್ಕಿನ ಅಡಿಪಟ್ಟಿ, ಮೂವತ್ತೊಂದು ಪ್ರಶ್ನೆಗಳ ಅಚ್ಚಾದ ಪಟ್ಟಿ. ಯಾವ ಕಂಪನಿಯಾಗಲಿ, ಆಹಾರದ ಡಬ್ಬಿ ಪೇಟೆಗೆ ಬಿಡುವ ಮೊದಲು ಅದರ ಲೇಬಲ್ ಈ ಮೂವತ್ತೊಂದು ಪ್ರಶ್ನೆಗಳನ್ನು ದಾಟಬೇಕು. ಎಲ್ಲಕ್ಕೂ ‘ಹೌದು’ ಎಂದು ಬಿದ್ದರೆ ಮೇಡಂ ಸಹಿ, ಸಾಹೇಬರ ಮೊಹರು.

ಎಳೆ ಮಕ್ಕಳ ಹಾಲಿನ ಪುಡಿಯ ಡಬ್ಬಿ ಬಂದರೆ ಮೇಡಂ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. ಅದರ ನಿಯಮ ಬಿಗಿ. ‘ತಾಯಿಯ ಹಾಲೇ ಮಗುವಿಗೆ ಉತ್ತಮ’ ಎಂಬ ಮಾತು ಚೌಕಟ್ಟಿನೊಳಗೆ ಇರಬೇಕು, ಇಂತಿಷ್ಟೇ ಎತ್ತರದ ಅಕ್ಷರದಲ್ಲಿ ಇರಬೇಕು. ಮಗುವಿನ ಚಿತ್ರ ಕೂಡದು. ಒಮ್ಮೆ ಒಂದು ಕಂಪನಿ ಜಾಣತನ ಮಾಡಿ ಕರಡಿ ಮರಿ ಬರೆಸಿತ್ತು. ಮೇಡಂ ಗಾಜು ಹಿಡಿದು ನೋಡಿ ಅಂದರು: “ಟೈಪಿಸ್ಟಮ್ಮ, ಬಾ ಇಲ್ಲಿ. ಈ ಕರಡಿ ಲಂಗೋಟಿ ಕಟ್ಕೊಂಡು ಹೆಬ್ಬೆರಳು ಚೀಪ್ತಾ ಇದೆ. ಇದು ಕರಡೀನಾ, ಕೂಸಾ?” ನಾನು ನಕ್ಕೆ. ಅವರು ನಗಲಿಲ್ಲ. ‘ಚಿತ್ರದಲ್ಲಿರುವುದು ಕರಡಿಯ ವೇಷದ ಶಿಶು’ ಎಂದು ಷರಾ ಬರೆದು ವಾಪಸ್ ಕಳಿಸಿದರು. ಆ ಷರಾ ಟೈಪು ಮಾಡುವಾಗ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಮೇಡಂ ಮದುವೆಯಾಗಲಿಲ್ಲ. ಇದ್ದ ಒಬ್ಬ ತಂಗಿಯೇ ಅವರಿಗೆ ಸಂಸಾರ. ತಂಗಿ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವಳು, ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಅಕ್ಕ ಅಕ್ಷರ ಅಳೆದರೆ ತಂಗಿ ತೋಳು, ಸೊಂಟ, ಕಾಲರು ಅಳೆಯುತ್ತಿದ್ದಳು. ಅವಳ ಗಂಡ ಬಸ್ ಡ್ರೈವರು. ಮೂರು ಸಲ ಗರ್ಭ ನಿಂತೂ ಇಳಿದುಹೋಗಿ, ಆಸೆ ಬಿಟ್ಟ ಮೇಲೆ, ಮೂವತ್ತೆಂಟನೇ ವಯಸ್ಸಿಗೆ ಅವಳಿಗೊಂದು ಹೆಣ್ಣು ಮಗುವಾಯಿತು. ಹುಟ್ಟಿದ ಗಳಿಗೆಯಿಂದ ಬಾಯಿ ತೆರೆದು ಕೂಗುತ್ತಿದ್ದುದರಿಂದ ಅಪ್ಪ ‘ಗುಬ್ಬಿ’ ಎಂದ. ಅದೇ ಉಳಿಯಿತು.

ಹೆರಿಗೆಯಲ್ಲಿ ಹೊಟ್ಟೆ ಕೊಯ್ದಿದ್ದರು. ಹೊಲಿಗೆ ಹುಣ್ಣಾಗಿ ಜ್ವರ ಹಿಡಿದು ತಂಗಿ ಹದಿನೈದು ದಿನ ನರಳಿದಳು. ಹಾಲು ಬತ್ತಿಹೋಯಿತು. ಪುಡಿ ಹಾಲೇ ಗತಿ ಎಂದಾಗ ಅವಳು ಮೊದಲು ಫೋನು ಮಾಡಿದ್ದು ಅಕ್ಕನಿಗೆ. ನಾನು ಎದುರಿಗೇ ಇದ್ದೆ.

“ಯಾವ ಡಬ್ಬಿ ತರಿಸಲಿ ಅಕ್ಕಾ?”

“ನಾನು ಹಾಗೆಲ್ಲ ಹೇಳಬಾರದು ಕಣೆ, ಸರ್ಕಾರಿ ನೌಕರಳು.”

“ನಾನೇನು ಪರಕೀಯಳಾ?”

ಮೇಡಂ ದನಿ ತಗ್ಗಿಸಿದರು. ಒಂದು ಡಬ್ಬಿಯ ಹೆಸರು ಹೇಳಿದರು. “ಅದರ ಲೇಬಲ್ ಎರಡು ವರ್ಷದ ಹಿಂದೆ ನಾನೇ ನೋಡಿ ಪಾಸು ಮಾಡಿದ್ದು. ಒಂದೇ ಒಂದು ಅಕ್ಷರ ತಪ್ಪಿಲ್ಲ. ಡಬ್ಬಿ ಹಿಂದೆ ಕೋಷ್ಟಕ ಇದೆ, ಅದರಲ್ಲಿ ಹೇಳಿದ ಹಾಗೇ ಮಾಡು. ಹೆಚ್ಚೂ ಬೇಡ, ಕಡಿಮೆನೂ ಬೇಡ.”

ತಂಗಿ ಹಾಗೇ ಮಾಡಿದಳು. ಹೇಳಿಕೇಳಿ ಅಳತೆಯಲ್ಲೇ ಬದುಕಿದವಳು. ನೀರು ಕುದಿಸಿ ಆರಿಸಿ, ಗೆರೆ ಹಾಕಿದ ಲೋಟದಲ್ಲಿ ಅರವತ್ತು ಎಂಎಲ್ ಸರಿಯಾಗಿ ಹಿಡಿದು, ಡಬ್ಬಿಯೊಳಗೆ ಬಂದ ಪ್ಲಾಸ್ಟಿಕ್ ಚಮಚದ ತುಂಬ ಪುಡಿ ತೆಗೆದು, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ ಹಾಕುತ್ತಿದ್ದಳು. ಅರವತ್ತು ಎಂಎಲ್‌ಗೆ ಒಂದು ಚಮಚ. ಕೋಷ್ಟಕದಲ್ಲಿ ಇದ್ದದ್ದು ಅದೇ.

ಕೂಸು ಕುಡಿಯುತ್ತಿತ್ತು, ಅಳುತ್ತಿತ್ತು. ಮತ್ತೆ ಕುಡಿಯುತ್ತಿತ್ತು, ಮತ್ತೆ ಅಳುತ್ತಿತ್ತು. ತಿಂಗಳ ಕೊನೆಗೆ ತೂಕ ನೋಡಿದರೆ ಹುಟ್ಟಿದಾಗಿನದಕ್ಕಿಂತ ಒಂದು ಹಿಡಿ ಕೂಡ ಏರಿರಲಿಲ್ಲ. ಡಾಕ್ಟರು ತೂಕದ ಚೀಟಿ ನೋಡಿ, ತಂಗಿಯ ಮಾಸಿದ ಸೀರೆ ನೋಡಿ ಕೇಳಿದರಂತೆ:

“ಪುಡಿ ಬೇಗ ಮುಗಿಯುತ್ತೆ ಅಂತ ನೀರು ಜಾಸ್ತಿ ಹಾಕ್ತಿದ್ದೀರೇನಮ್ಮ?”

“ಇಲ್ಲ ಡಾಕ್ಟ್ರೇ, ಡಬ್ಬಿ ಮೇಲೆ ಇರೋ ಹಾಗೇ ಹಾಕ್ತೀನಿ.”

“ಎಲ್ರೂ ಹಾಗೇ ಅಂತಾರೆ.”

ಸಾಲಿನಲ್ಲಿ ಕೂತ ಹತ್ತು ಜನ ತಾಯಂದಿರ ಎದುರು ಕೇಳಿದ ಮಾತು. ತಂಗಿ ತಲೆ ತಗ್ಗಿಸಿಕೊಂಡು ಮನೆಗೆ ಬಂದಳು. ಅಂದಿನಿಂದ ಇನ್ನೂ ಹೆಚ್ಚು ಜಾಗರೂಕಳಾದಳು. ಪ್ರತಿ ಸಲ ಕೋಷ್ಟಕ ಗಟ್ಟಿಯಾಗಿ ಓದಿಯೇ ಚಮಚ ಎತ್ತುವುದು. ಕೂಸು ಅತ್ತಷ್ಟೂ ಬಾಟಲಿ ಕೊಟ್ಟಳು. ಅದರ ಹೊಟ್ಟೆ ತುಂಬುತ್ತಿತ್ತು, ಕೈಕಾಲು ಮಾತ್ರ ಕಡ್ಡಿಯಾಗುತ್ತ ಹೋಯಿತು.

ಅವರ ಮನೆಯ ಕೆಳಗೆ ಇಸ್ತ್ರಿ ಅಂಗಡಿ. ಆ ಇಸ್ತ್ರಿಯವಳಿಗೂ ಅದೇ ವಯಸ್ಸಿನ ಗಂಡು ಮಗು, ಅವಳು ಕೊಡುತ್ತಿದ್ದುದೂ ಅದೇ ಡಬ್ಬಿಯ ಹಾಲು. ಅದು ಕೆನ್ನೆ ತುಂಬಿಕೊಂಡು ಉರುಟುರುಟಾಗಿತ್ತು. ತಂಗಿ ಮೆಟ್ಟಿಲಿಳಿಯುವಾಗ ಆ ಮಗುವನ್ನು ನೋಡಬಾರದೆಂದು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳಂತೆ.

ಎರಡು ತಿಂಗಳು ತುಂಬಿ ನಾಲ್ಕನೇ ದಿನ, ಬೆಳಗ್ಗೆ ಹತ್ತರ ಹೊತ್ತಿಗೆ ಗುಬ್ಬಿಗೆ ಫಿಟ್ಸು ಬಂತು. ಕಣ್ಣು ಮೇಲೆ ಸಿಕ್ಕಿಕೊಂಡು ಮೈಯೆಲ್ಲ ಸೆಟೆಯಿತು. ಗಂಡ ಬಸ್ಸಿನ ಮೇಲಿದ್ದ. ಇಸ್ತ್ರಿಯವಳೇ ಪೆಟ್ಟಿಗೆ ಆರಿಸಿ, ಅಂಗಡಿ ಹಾಗೇ ಬಿಟ್ಟು, ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಹೊರಗೆ ಬಂದು ಹೇಳಿದರು: “ರಕ್ತದಲ್ಲಿ ಉಪ್ಪಿನಂಶ ಪೂರ್ತಿ ಇಳಿದುಹೋಗಿದೆ. ಈ ಮಗು ಇಷ್ಟು ದಿನ ಕುಡಿದಿರೋದು ಹಾಲಲ್ಲ ತಾಯಿ, ನೀರು.”

ಮೇಡಂ ಅಷ್ಟರಲ್ಲಿ ಅಲ್ಲಿಗೆ ತಲುಪಿದ್ದರು. ತಂಗಿ ಅವರ ಕೈ ಹಿಡಿದುಕೊಂಡು ಅದೊಂದೇ ಮಾತು ಹೇಳುತ್ತಿದ್ದಳಂತೆ: “ನಾನು ಕದ್ದಿಲ್ಲ ಅಕ್ಕಾ. ಒಂದು ಚಿಟಿಕೆ ಪುಡಿನೂ ಉಳಿಸಿಲ್ಲ. ಬರೆದಿರೋ ಹಾಗೇ ಹಾಕಿದೀನಿ.”

ಪಕ್ಕದಲ್ಲೇ ಕೂತಿದ್ದ ಇಸ್ತ್ರಿಯವಳು ಆಗ ಬಾಯಿ ಬಿಟ್ಟಳು. “ಬರೆದಿರೋದು ನಂಗೆಲ್ಲಿ ಓದೋಕೆ ಬರುತ್ತಮ್ಮ? ನಾನು ಬಣ್ಣ ನೋಡಿ ಹಾಕ್ತೀನಿ. ನೀರು ನೀರಾಗಿ ಕಂಡ್ರೆ ಇನ್ನೊಂದು ಚಮಚ, ಆಗ್ಲೂ ಸಾಲ್ದೇ ಇದ್ರೆ ಇನ್ನರ್ಧ.”

ಮೇಡಂ ಎದ್ದು ನಿಂತರು. ನೆಟ್ಟಗೆ ತಂಗಿಯ ಮನೆಗೆ ಹೋಗಿ, ಅಡುಗೆಮನೆಯಲ್ಲಿದ್ದ ಡಬ್ಬಿ ಎತ್ತಿಕೊಂಡು ಕಚೇರಿಗೆ ಬಂದರು.  ಮೊದಲು ಲೇಬಲ್ ಓದಿದರು, ಮೇಲಿಂದ ಕೆಳಗೆ, ಗಾಜು ಹಿಡಿದು. ಎಲ್ಲ ಸರಿಯಿತ್ತು. ಆಮೇಲೆ ಮುಚ್ಚಳ ತೆಗೆದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ಡಬ್ಬಿಯ ಮುಚ್ಚಳ ತೆಗೆದದ್ದನ್ನು ನಾನು ಕಂಡದ್ದು ಅದೇ ಮೊದಲು. ನಮ್ಮ ಕೆಲಸ ಡಬ್ಬಿಯ ಹೊರಗಿನದು. ಒಳಗಿನದಕ್ಕೆ ಕೆಳಗಿನ ಮಹಡಿಯಲ್ಲಿ ಪ್ರಯೋಗಾಲಯ ಇದೆ.

ಚಮಚ ಹೊರಗೆ ತೆಗೆದು, ಕಪಾಟಿನಲ್ಲಿದ್ದ ಎರಡು ವರ್ಷ ಹಳೆಯ ಮಾದರಿ ಡಬ್ಬಿಯನ್ನೂ ಬಿಚ್ಚಿ, ಅದರ ಚಮಚವನ್ನು ಪಕ್ಕದಲ್ಲಿಟ್ಟರು. ಹಳೆಯದು ದೊಡ್ಡದು. ಹೊಸದು ಅದರ ಅರ್ಧ.

ಪ್ರಯೋಗಾಲಯದ ತಕ್ಕಡಿಯಲ್ಲಿ ಐದು ಸಲ ತೂಗಿಸಿದರು. ಲೇಬಲ್ಲು ಹೇಳುತ್ತಿದ್ದುದು ಚಮಚಕ್ಕೆ ಎಂಟೂವರೆ ಗ್ರಾಂ. ಆ ಚಮಚದಲ್ಲಿ ಹಿಡಿಯುತ್ತಿದ್ದುದು ನಾಲ್ಕೂಕಾಲು. ಕಾರ್ಖಾನೆಯವರು ಚಮಚ ಬದಲಾಯಿಸಿದ್ದರು, ಡಬ್ಬಿಯ ಮೇಲಿನ ಬರಹ ಬದಲಾಯಿಸಿರಲಿಲ್ಲ. ಬರೆದದ್ದನ್ನು ನಂಬಿ ಅಳೆದ ತಾಯಂದಿರ ಮಕ್ಕಳಿಗೆ ಅರ್ಧ ಹೊಟ್ಟೆ. ಓದಲು ಬಾರದವರ ಮಕ್ಕಳು ಬದುಕಿಕೊಂಡಿದ್ದವು.

“ಕಳ್ಳ ನನ್ಮಕ್ಕಳು,” ಎಂದೆ ನಾನು. “ಮೇಡಂ, ಇವರನ್ನ ಬಿಡಬಾರದು.”

ಅವರು ಏನೋ ನೆನಪಾದವರಂತೆ ವಾಪಸ್ ಕಳಿಸಿದ ಅರ್ಜಿಗಳ ಫೈಲು ಎಳೆದು, ಹಾಳೆ ಮೊಗಚುತ್ತ ಹೋಗಿ ಒಂದು ಕಡೆ ನಿಂತರು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ನಾನೇ ಎದ್ದು ಹೋಗಿ ಅವರ ಭುಜದ ಮೇಲಿಂದ ಇಣುಕಿದೆ.

ಅದೇ ಕಂಪನಿಯ ಅರ್ಜಿ, ಅದೇ ಪುಡಿಗೆ ಹೊಸ ಲೇಬಲ್. ಗುಬ್ಬಿ ಹುಟ್ಟುವುದಕ್ಕೆ ಮೂರು ವಾರ ಮೊದಲು ಬಂದದ್ದು. ಅದರ ಕೋಷ್ಟಕದಲ್ಲಿ ‘ಮೂವತ್ತು ಎಂಎಲ್ ನೀರಿಗೆ ಒಂದು ಚಮಚ’ ಎಂದು ಸ್ಪಷ್ಟವಾಗಿ ಇತ್ತು. ‘ತಯಾರಿಸುವ ವಿಧಾನ ಇದೆಯೇ?’ ಎಂಬ ಪ್ರಶ್ನೆಯ ಎದುರು ಮೇಡಂ ಕೈಬರಹದಲ್ಲೇ ‘ಹೌದು’ ಎಂದು ಬಿದ್ದಿತ್ತು. ಹಳೆಯದಕ್ಕಿಂತ ಇದು ಯಾಕೆ ಬೇರೆ ಎಂದು ಕೇಳುವ ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ಷರಾ: ‘ತಾಯಿಯ ಹಾಲು ಕುರಿತ ಚೌಕಟ್ಟಿನ ಅಕ್ಷರಗಳ ಎತ್ತರ ನಿಯಮಕ್ಕಿಂತ ಅರ್ಧ ಮಿಲಿಮೀಟರ್ ಕಡಿಮೆ. ತಿರಸ್ಕರಿಸಲಾಗಿದೆ.’

ಆ ತಿರಸ್ಕಾರದ ಪತ್ರ ಟೈಪು ಮಾಡಿದವಳು ನಾನು. ನೆನಪೇ ಇರಲಿಲ್ಲ. ವಾರಕ್ಕೆ ಮೂವತ್ತು ಅಂಥ ಪತ್ರ ಟೈಪು ಮಾಡುತ್ತಿದ್ದೆ.

“ಅವರು ಸರಿ ಲೇಬಲ್ ಕಳಿಸಿದ್ರು,” ಎಂದರು ಮೇಡಂ. “ನಾನು ವಾಪಸ್ ಕಳಿಸಿದೆ.”

“ಆದ್ರೆ ಚಮಚ ಯಾಕೆ ಹಾಕ್ಬೇಕಿತ್ತು ಮೇಡಂ? ಲೇಬಲ್ ಪಾಸಾಗೋ ತನಕ ಹಳೇ ಚಮಚನೇ ಹಾಕ್ಬಹುದಿತ್ತಲ್ಲ? ತಪ್ಪು ಅವರದು.”

“ಅವರದೂ ಇದೆ,” ಎಂದರು.

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವರು ತಂಗಿಗೆ ಇದನ್ನೆಲ್ಲ ಹೇಳಿದರು. ನಾನು ಊಟದ ಡಬ್ಬಿ ಹಿಡಿದು ಜೊತೆಯಲ್ಲಿದ್ದೆ. ಹೇಳಬೇಡಿ, ಈಗಲೇ ಬೇಡ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಕೇಳಲಿಲ್ಲ. ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟರು.

ತಂಗಿ ಮೊದಲು ಅರ್ಥವಾಗದವಳ ಹಾಗೆ ನೋಡಿದಳು. “ಯಾಕೆ ವಾಪಸ್ ಕಳಿಸಿದೆ?”

“ಅಕ್ಷರ ಚಿಕ್ಕದಿತ್ತು.”

“ಎಷ್ಟು ಚಿಕ್ಕದು?”

“ಅರ್ಧ ಮಿಲಿಮೀಟರ್.”

ತಂಗಿ ತನ್ನ ಹೆಬ್ಬೆರಳು ತೋರುಬೆರಳನ್ನು ಹತ್ತಿರ ತಂದಳು. ನಡುವೆ ಬೆಳಕು ಕಾಣುವಷ್ಟು ಸಂದು ಬಿಟ್ಟು ನೋಡಿದಳು. “ಅರ್ಧ ಮಿಲಿಮೀಟರ್ ಅಂದ್ರೆ ನಮ್ಮಲ್ಲಿ ದಾರದ ದಪ್ಪ ಕಣಕ್ಕಾ,” ಎಂದಳು. “ಅಷ್ಟನ್ನ ನಾವು ಹೊಲಿಗೇಲಿ ಬಿಟ್ಟುಬಿಡ್ತೀವಿ.”

ಬೈಯಲಿಲ್ಲ, ಅಳಲಿಲ್ಲ. ಎದ್ದು ಮಗುವಿದ್ದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೇಡಂ ಆ ಬಾಗಿಲ ಎದುರು ಸಂಜೆಯ ತನಕ ಕೂತಿದ್ದರು. ತೆರೆಯಲಿಲ್ಲ.

ಗುಬ್ಬಿ ಉಳಿಯಿತು. ಉಳಿಯಿತು ಅಂದರೆ ಉಸಿರು ಉಳಿಯಿತು. ಮಿದುಳಿಗೆ ಪೆಟ್ಟು ಬಿದ್ದಿದೆ, ಎಷ್ಟು ಬಿದ್ದಿದೆ ಅಂತ ಮಗು ಬೆಳೆದಾಗಲೇ ಗೊತ್ತಾಗೋದು ಎಂದರು ಡಾಕ್ಟರಮ್ಮ.

ಅಷ್ಟರಲ್ಲಿ ಮೇಡಂ ವರದಿ ಬರೆದರು. ಹನ್ನೆರಡು ಪುಟ. ನಾಲ್ಕು ಪುಟ ಕಂಪನಿಯ ತಪ್ಪು, ಮೂರು ಪುಟ ತಮ್ಮ ತಪ್ಪು, ಉಳಿದದ್ದು ಏನು ಮಾಡಬೇಕು ಎಂಬುದು: ಪೇಟೆಯಲ್ಲಿರುವ ಡಬ್ಬಿ ಹಿಂದಕ್ಕೆ ತರಿಸಬೇಕು, ರೇಡಿಯೋ ಪತ್ರಿಕೆಗಳಲ್ಲಿ ಎಚ್ಚರಿಕೆ ಕೊಡಬೇಕು, ಮಕ್ಕಳ ಆಸ್ಪತ್ರೆಗಳಿಗೆಲ್ಲ ಇಂದೇ ತಿಳಿಸಬೇಕು. ಸಾಹೇಬರು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ನಿವೃತ್ತಿಗೆ ಎಂಟು ತಿಂಗಳಿತ್ತು.

“ನಿಮ್ಮ ತಲೆ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಳ್ತಿದ್ದೀರಲ್ಲ. ಈ ಮೂರು ಪುಟ ತೆಗೀರಿ. ಬರೀ ಕಂಪನಿ ತಪ್ಪು ಅಂತ ಕಳಿಸೋಣ.”

“ಅದನ್ನ ತೆಗೆದ್ರೆ ಉಳಿದದ್ದೂ ಸುಳ್ಳಾಗುತ್ತೆ ಸಾರ್.”

“ಆಮೇಲೆ ನನ್ನ ಮೇಲೆ ಬರಬೇಡಿ.”

ವರದಿ ಮೇಲಕ್ಕೆ ಹೋಯಿತು. ಐದು ವಾರದ ಮೇಲೆ ವಿಚಾರಣೆ. ಕಂಪನಿಯ ವಕೀಲ ಮೆತ್ತಗೆ ಮಾತಾಡುವ ಮನುಷ್ಯ, ಮೇಡಂ ಅವರನ್ನು ‘ಅಮ್ಮಾ’ ಎಂದೇ ಕರೆದ. ಅವನ ಕೈಯಲ್ಲಿ ಎರಡೇ ಕಾಗದ. ಒಂದು, ಹಳೆಯ ಲೇಬಲ್ಲಿಗೆ ಮೇಡಂ ಹಾಕಿದ ಒಪ್ಪಿಗೆಯ ಸಹಿ. ಇನ್ನೊಂದು, ಹೊಸ ಲೇಬಲ್ಲಿಗೆ ಅವರು ಬರೆದ ತಿರಸ್ಕಾರದ ಷರಾ.

“ಅಮ್ಮಾ, ಈ ಲೇಬಲ್ ನಿಯಮಕ್ಕೆ ಸರಿಯಾಗಿದೆ ಅಂತ ಸಹಿ ಹಾಕಿದ್ದು ನೀವೇ ಅಲ್ವಾ?”

“ಹೌದು.”

“ಇವತ್ತು ಮತ್ತೆ ನೋಡಿ ಹೇಳಿ. ಮೂವತ್ತೊಂದರಲ್ಲಿ ಯಾವ ಪ್ರಶ್ನೆಗೆ ಇದು ತಪ್ಪುತ್ತೆ?”

ಮೇಡಂ ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು. “ಯಾವುದಕ್ಕೂ ತಪ್ಪಲ್ಲ,” ಎಂದರು. “ಚಮಚದ ಬಗ್ಗೆ ಪ್ರಶ್ನೆಯೇ ಇಲ್ಲ.”

“ಅಷ್ಟೇ ನಾನು ಕೇಳಿದ್ದು ಅಮ್ಮಾ.”

ಆದೇಶ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎನ್ನುವ ಥರದ್ದು. ಲೇಬಲ್ಲು ನಿಯಮಬದ್ಧವಾಗಿದೆ. ಚಮಚವು ಲೇಬಲ್ಲಿನ ಭಾಗವಲ್ಲ, ಅದು ಡಬ್ಬಿಯೊಂದಿಗೆ ಒದಗಿಸುವ ಉಪಕರಣ. ಹೊಸ ಲೇಬಲ್ಲನ್ನು ಅಕ್ಷರ ತಿದ್ದಿ ಮತ್ತೆ ಸಲ್ಲಿಸಲು ಕಂಪನಿಗೆ ಸೂಚಿಸಲಾಗಿದೆ. ಪೇಟೆಯಲ್ಲಿರುವ ಸರಕಿನ ಬಗ್ಗೆ ಒಂದು ಸಾಲೂ ಇಲ್ಲ. ಸಾರ್ವಜನಿಕರಲ್ಲಿ ಅನಗತ್ಯ ಗಾಬರಿ ಹುಟ್ಟಿಸಬಾರದು ಎಂಬ ಒಂದು ಸಾಲು ಇತ್ತು.

“ಇನ್ನೂ ಅಂಗಡಿಗಳಲ್ಲಿ ಇದೆ ಟೈಪಿಸ್ಟಮ್ಮ,” ಎಂದರು ಅವತ್ತು ಮೇಡಂ. “ನಾವಿಲ್ಲಿ ಮಾತಾಡ್ತಾ ಇರೋ ಹೊತ್ತಲ್ಲೇ ಯಾರೋ ಒಬ್ಬಳು ಮಟ್ಟ ಮಾಡಿ ಮಾಡಿ ಹಾಕ್ತಿದ್ದಾಳೆ.”

ನನ್ನಿಂದ ಒಂದು ಚೀಟಿ ಟೈಪು ಮಾಡಿಸಿದರು. ‘ಗಮನಿಸಿ: ಈ ಡಬ್ಬಿಯ ಚಮಚ ಚಿಕ್ಕದು. ಮೂವತ್ತು ಎಂಎಲ್ ನೀರಿಗೆ ಒಂದು ಚಮಚ ಹಾಕಿ.’ ಇಷ್ಟೇ. ಆದಷ್ಟು ದೊಡ್ಡ ಅಕ್ಷರದಲ್ಲಿ. ಹೊರಗಡೆ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ನಾವಿಬ್ಬರೂ ಕೂತು ಕತ್ತರಿಸಿದೆವು. ಆಮೇಲೆ ಅವರೊಬ್ಬರೇ ರಜೆ ಹಾಕಿ, ಬಗಲಲ್ಲಿ ಗೋಂದಿನ ಬಾಟಲಿ ಇಟ್ಟುಕೊಂಡು ಔಷಧಿ ಅಂಗಡಿಯಿಂದ ಔಷಧಿ ಅಂಗಡಿಗೆ ಅಲೆದರು. ನಾನೂ ಬರ್ತೀನಿ ಎಂದು ಬಾಯಿ ಮಾತಿಗೆ ಅಂದೆ. “ನಿನಗೆ ಮಕ್ಕಳಿದ್ದಾರೆ, ಕೆಲಸ ಉಳಿಸ್ಕೋ,” ಎಂದರು. ನಾನು ಮತ್ತೊಮ್ಮೆ ಒತ್ತಾಯ ಮಾಡಲಿಲ್ಲ.

ಕೆಲವು ಅಂಗಡಿಯವರು ಅಂಟಿಸಲು ಬಿಟ್ಟರು. ಕೆಲವರು ನಕ್ಕರು. ಒಬ್ಬ, ಚೀಟಿ ಅಂಟಿಸಿದ ಡಬ್ಬಿ ಯಾರು ಕೊಳ್ತಾರೆ ಎಂದು ಅವರ ಎದುರೇ ಒಂದೊಂದಾಗಿ ಕಿತ್ತು ಹಾಕಿದ. ಇನ್ನೊಬ್ಬ ಹುಚ್ಚಿ ಎಂದು ಗದರಿ ಹೊರಗೆ ಕಳಿಸಿದ. ಹದಿನಾರು ದಿನ ಹೀಗೆ ನಡೆಯಿತು. ಬಿಸಿಲಿಗೆ ಮುಖ ಕಪ್ಪಾಗಿ, ಬೆರಳ ತುದಿಯಲ್ಲಿ ಗೋಂದು ಒಣಗಿ ಸಿಪ್ಪೆ ಏಳುತ್ತಿತ್ತು. ಒಂದು ಅಂಗಡಿಯಲ್ಲಿ ಡಬ್ಬಿ ಕೊಳ್ಳಲು ಬಂದ ಹುಡುಗಿ ಚೀಟಿ ಓದಿ, ಕೈಯಲ್ಲಿದ್ದ ಕೂಸನ್ನು ನೋಡಿ, ಅಲ್ಲೇ ಕುಸಿದು ಕೂತಳಂತೆ. ಅವಳ ಮಗುವಿಗೆ ಐದು ತಿಂಗಳು. ನೋಡಿದರೆ ಎರಡು ತಿಂಗಳಿನದು ಅನ್ನಬೇಕು, ಹಾಗಿತ್ತಂತೆ. ಮೇಡಂ ಅವಳನ್ನು ಆಸ್ಪತ್ರೆಗೆ ಬಿಟ್ಟು ಬಂದರು. ಅದರ ಕತೆ ಏನಾಯಿತೋ ಗೊತ್ತಿಲ್ಲ. ಅವಳು ವಿಳಾಸ ಕೊಡಲಿಲ್ಲ.

ಹದಿನೇಳನೇ ದಿನ ಕಂಪನಿ ದೂರು ಕೊಟ್ಟಿತು. ಒಪ್ಪಿಗೆ ಪಡೆದ ಲೇಬಲ್ಲನ್ನು ಮುಚ್ಚುವುದು, ತಿದ್ದುವುದು, ಅದಕ್ಕೆ ಏನನ್ನಾದರೂ ಸೇರಿಸುವುದು ಅಪರಾಧ. ಅದೂ ನಮ್ಮ ನಿಯಮ ಪುಸ್ತಕದಲ್ಲೇ ಇರುವ ಮಾತು, ಮೇಡಂಗೆ ಬಾಯಿಪಾಠ. ನಾನು ಕೆಲಸಕ್ಕೆ ಸೇರಿದ ಮೇಲೆ ಆ ಕಲಮಿನಡಿ ಶಿಕ್ಷೆಯಾದದ್ದು ಒಬ್ಬರಿಗೇ, ಅದು ಅವರಿಗೆ. ಅಮಾನತಿನ ಆಪಾದನಾ ಪತ್ರ ನನ್ನ ಮೇಜಿಗೆ ಬಂತು, ನಾನೇ ಟೈಪು ಮಾಡಿದೆ. ಮೂರನೇ ಪ್ಯಾರಾದಲ್ಲಿ ‘ಸದರಿ ಚೀಟಿಗಳನ್ನು ಸಿದ್ಧಪಡಿಸಿದವರು ಯಾರು?’ ಎಂಬ ಪ್ರಶ್ನೆ ಇತ್ತು. ಆ ಸಾಲಿನಲ್ಲಿ ಎರಡು ಸಲ ಅಕ್ಷರ ತಪ್ಪಿ, ಹೊಸ ಹಾಳೆ ಹಾಕಿ ಮತ್ತೆ ಟೈಪು ಮಾಡಿದೆ.

ವಿಚಾರಣೆಯ ಕೋಣೆಯಲ್ಲಿ ಬರೆದುಕೊಳ್ಳಲು ನಾನೇ ಕೂತಿದ್ದೆ. ಅವರು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. “ಚೀಟಿ ನಾನೇ ಮಾಡಿದ್ದು. ಟೈಪು ಮಾಡೋದು ಕಲಿತಿದ್ದೀನಿ,” ಎಂದರು. ಟೈಪು ಯಂತ್ರದ ಕಾಗದ ತಿರುಗಿಸುವುದೂ ಬರುತ್ತಿರಲಿಲ್ಲ ಅವರಿಗೆ. ನಾನು ಆ ಮಾತನ್ನು ಹಾಗೇ ಬರೆದುಕೊಂಡೆ.

ಅಮಾನತು ಮುಗಿದ ಮೇಲೆ ಅವರನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ, ತೇವದ ವಾಸನೆಯ ಕೋಣೆ. ಅಲ್ಲಿ ಕೂತು ಒಂದು ಅರ್ಜಿ ಬರೆದರು: ಪಟ್ಟಿಗೆ ಮೂವತ್ತೆರಡನೇ ಪ್ರಶ್ನೆ ಸೇರಿಸಬೇಕು, ‘ಡಬ್ಬಿಯೊಳಗಿನ ಚಮಚ ಲೇಬಲ್ಲಿನ ಅಳತೆಗೆ ಹೊಂದುತ್ತದೆಯೇ?’ ಎಂದು. ಒಂದು ವರ್ಷ ಆ ಕಾಗದ ಊರೂರು ಸುತ್ತಿ ಬಂತು. ‘ಪರಿಶೀಲಿಸಲಾಗಿದೆ. ಅಗತ್ಯ ಕಂಡುಬರುವುದಿಲ್ಲ.’ ಮತ್ತೆ ಬರೆದರು. ಎರಡನೆಯದಕ್ಕೆ ಉತ್ತರವೇ ಬರಲಿಲ್ಲ. ಅಷ್ಟರಲ್ಲಿ ಹಳೆಯ ಲೇಬಲ್ಲಿನ ಡಬ್ಬಿಗಳೆಲ್ಲ ಅಂಗಡಿಗಳಲ್ಲಿ ತಾವಾಗಿ ಖರ್ಚಾಗಿ ಹೋಗಿದ್ದವು. ಹೊಸ ಲೇಬಲ್ಲಿನ ಡಬ್ಬಿ ಬಂತು, ಅಕ್ಷರದ ಎತ್ತರ ಸರಿಯಾಗಿತ್ತು. ಎಷ್ಟು ಮಕ್ಕಳು ಆ ಹಳೆಯ ಡಬ್ಬಿಯ ಹಾಲು ಕುಡಿದಿದ್ದವು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಎಲ್ಲ ಆಸ್ಪತ್ರೆಗಳಲ್ಲೂ ಬಹುಶಃ ತಾಯಿಯನ್ನೇ ಕೇಳಿರುತ್ತಾರೆ, ನೀರು ಜಾಸ್ತಿ ಹಾಕಿದ್ಯಾ ಎಂದು.

ಮೇಡಂ ಅವಧಿಗೆ ಮೊದಲೇ ನಿವೃತ್ತಿ ಪಡೆದರು. ಬೀಳ್ಕೊಡುಗೆ ಬೇಡ ಎಂದರು, ನಾವೂ ಮಾಡಲಿಲ್ಲ.

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ತಂಗಿಯ ಮನೆಗೆ ಹೊರಟಿದ್ದರು. ಪ್ರತಿ ಭಾನುವಾರ ಹೋಗುತ್ತಾರಂತೆ. “ಬಾ, ಗುಬ್ಬೀನ ನೋಡಿಲ್ವಲ್ಲ ನೀನು,” ಎಂದರು. ಬೇರೆ ಕೆಲಸವಿದೆ ಎನ್ನಲು ನಾಲಗೆ ಬರಲಿಲ್ಲ.

ಇಸ್ತ್ರಿ ಅಂಗಡಿ ದಾಟಿ ಮೇಲೆ ಹತ್ತಿದೆವು. ಕೊನೆಯ ಮೆಟ್ಟಿಲ ಹತ್ತಿರ ಮೇಡಂ ಚಪ್ಪಲಿ ಬಿಟ್ಟು ಅಲ್ಲೇ ಕೂತುಬಿಟ್ಟರು, ಒಳಗೆ ಹೋಗಲಿಲ್ಲ. ನಾನು ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ತಂಗಿಯ ಗಂಡ ಎರಡು ಲೋಟ ಟೀ ತಂದು ಕೊಟ್ಟ. “ಬನ್ನಿ ಅತ್ತಿಗೆ ಒಳಗೆ” ಎಂದ, ರೂಢಿಗೆ ಎಂಬಂತೆ. ಅವರು ತಲೆ ಆಡಿಸಿದರು, ಅವರೂ ರೂಢಿಗೆ ಎಂಬಂತೆ.

ತೆರೆದ ಬಾಗಿಲಿನಿಂದ ಗುಬ್ಬಿ ಕಾಣುತ್ತಿದ್ದಳು. ನಾಲ್ಕು ವರ್ಷ ತುಂಬಿತ್ತು. ದಿಂಬುಗಳ ನಡುವೆ ಒರಗಿಸಿ ಕೂರಿಸಿದ್ದರು. ಕತ್ತು ಒಂದು ಕಡೆ ಜಾರುತ್ತಿತ್ತು, ಅವಳ ಅಮ್ಮ ಬಂದು ನೇರ ಮಾಡಿ ಹೋಗುತ್ತಿದ್ದಳು, ಮತ್ತೆ ಜಾರುತ್ತಿತ್ತು. ಮಾತು ಬಂದಿಲ್ಲ. ಕಿಟಕಿಯ ಬೆಳಕಿನ ಕಡೆ ನೋಡಿ ಆಗಾಗ ಒಂದು ದನಿ ತೆಗೆಯುತ್ತಿದ್ದಳು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ತಂಗಿ ಹೊರಗೆ ಬಂದು ಖಾಲಿ ಲೋಟಗಳನ್ನು ಎತ್ತಿಕೊಂಡಳು. ಅಕ್ಕನ ಕಡೆ ನೋಡಲಿಲ್ಲ. ನನ್ನಿಂದ ತಡೆಯಲಾಗಲಿಲ್ಲ.

“ಎಷ್ಟು ದಿನ ಅಂತ ಕೋಪ ಇಟ್ಕೊಳ್ತೀಯಮ್ಮ? ಅವರು ಬೇಕು ಅಂತ ಮಾಡಿದ್ದಾ?”

ತಂಗಿ ಲೋಟ ಹಿಡಿದು ನಿಂತಳು. ದನಿ ಏರಿಸಲಿಲ್ಲ. “ಕೋಪ ಇಲ್ಲ ನನಗೆ. ಕೋಪ ಆಗಿದ್ರೆ ಯಾವತ್ತಾದ್ರೂ ಒಂದಿನ ಇಳೀತಿತ್ತು.”

ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ತೆರೆದೇ ಇತ್ತು. ಮೇಡಂ ಇನ್ನೂ ಅರ್ಧ ಗಂಟೆ ಅಲ್ಲೇ ಕೂತಿದ್ದು, ಮೊಣಕಾಲು ಹಿಡಿದುಕೊಂಡು ಎದ್ದರು.

ಬಸ್ ನಿಲ್ದಾಣಕ್ಕೆ ವಾಪಸ್ ನಡೆದೆವು. ನನ್ನ ಬಸ್ಸು ಮೊದಲು ಬಂತು. ಹತ್ತುವಾಗ ಕೇಳಿದರು, “ಮುಂದಿನ ವಾರ ಬರ್ತೀಯಾ? ಜೊತೆಗೊಬ್ಬರು ಇದ್ರೆ ಅವಳು ಒಂದು ಮಾತಾದ್ರೂ ಆಡ್ತಾಳೆ.”

“ಬರ್ತೀನಿ ಮೇಡಂ,” ಎಂದೆ.

ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಭಾನುವಾರ ಬೆಳಗ್ಗೆ ಆ ಬಸ್ ನಿಲ್ದಾಣದ ಕಡೆ ಹೋಗಬೇಕಾಗಿ ಬಂದರೆ ಈಗ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತೇನೆ.